ತಿಳೀಲಿಲ್ಲ ಅಂದವರ ಪಟ್ಟಿ

ಗಣಿತದ ಮಾಸ್ತರನಿಗೆ ಮಕ್ಕಳು ಹೇಳುವ ಅತಿ ದೊಡ್ಡ ಸುಳ್ಳು ಯಾವುದು ಗೊತ್ತೇ? 'ತಿಳೀತ್ರಿ ಸರ.' ಐವತ್ತು ಮಕ್ಕಳು ಒಂದೇ ರಾಗದಲ್ಲಿ ಹೇಳುತ್ತಾರೆ. ಹಾಗಂದರೆ ಮಾಸ್ತರ ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ, ಗಂಟೆ ಹೊಡೆಯುತ್ತದೆ, ಎಲ್ಲರೂ ಪಾರು. ಹುಬ್ಬಳ್ಳಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ಹೋದ ವರ್ಷ ನಿವೃತ್ತನಾದೆ. ನಾನು ಒದ್ದಾಡಿದ್ದು ಗಣಿತ ಕಲಿಸಲಿಕ್ಕಲ್ಲ, ಈ ಸುಳ್ಳನ್ನು ಬಿಡಿಸಲಿಕ್ಕೆ. ವರ್ಷದ ಮೊದಲ ದಿನವೇ ಹೇಳಿಬಿಡುತ್ತಿದ್ದೆ: 'ತಿಳೀಲಿಲ್ಲ ಅಂತ ಕೈ ಎತ್ತಿದವ್ರಿಗೆ ಈ ಕ್ಲಾಸಿನ್ಯಾಗ ಬೈಗುಳ ಇಲ್ಲ, ಹೊಡ್ತ ಇಲ್ಲ. ತಿಳೀಲಾರ್ದ ತಿಳೀತು ಅಂದವ್ರನ್ನ ಮಾತ್ರ ನಾ ಬಿಡೂದಿಲ್ಲ.' ಯಾರೂ ನಂಬುತ್ತಿರಲಿಲ್ಲ. ನಂಬುವಷ್ಟರಲ್ಲಿ ದೀಪಾವಳಿ ಬಂದಿರುತ್ತಿತ್ತು.

ಮೂರು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎರಡನೇ ವಾರಕ್ಕೇ ನಂಬಿದಳು. ಅಪ್ಪನದು ಕೇಶ್ವಾಪುರದಲ್ಲಿ ಬೈಕ್ ರಿಪೇರಿ ಅಂಗಡಿ. ನಾನು ಸಮೀಕರಣ ಬಿಡಿಸುತ್ತಿದ್ದಾಗ ಎದ್ದು ನಿಂತು, 'ಸರ, ಆ ಕಡಿ ಹೋದಕೂಡ್ಲೆ ಪ್ಲಸ್ ಇದ್ದದ್ದು ಮೈನಸ್ ಯಾಕ ಆಗ್ತೈತ್ರಿ? ಆಗ್ತೈತಿ ಅಂತ ಎಲ್ಲಾರೂ ಅಂತಾರ, ಯಾಕ ಅಂತ ಯಾರೂ ಹೇಳೂದಿಲ್ಲ' ಅಂದಳು. ಅವತ್ತು ಆದಷ್ಟು ಖುಷಿ ನನಗೆ ಯಾವ ಸನ್ಮಾನದ ಶಾಲು ಹೊದ್ದಾಗಲೂ ಆಗಿಲ್ಲ. ಪಾಠ ಬದಿಗಿಟ್ಟು ಬೋರ್ಡಿನ ಮೇಲೆ ತಕ್ಕಡಿ ಬರೆದು, ಎರಡೂ ಪರಡಿಯಿಂದ ಒಂದೇ ತೂಕ ತೆಗೆದು ತೋರಿಸಿದೆ. ಅವಳಿಗೆ ತಿಳಿಯಲು ಮೂರು ದಿನ ಹಿಡಿಯಿತು. ನಿಧಾನ, ಅದು ಖರೆ. ಆದರೆ ಒಮ್ಮೆ ತಿಳಿದದ್ದನ್ನು ಮರೆಯುತ್ತಿರಲಿಲ್ಲ. ಅವಳನ್ನು ನೋಡಿ ಹಿಂದಿನ ಬೆಂಚಿನ ಇನ್ನೂ ಎಂಟು ಮಂದಿ ತಿಳೀಲಿಲ್ಲ ಎಂದು ಬಾಯಿ ಬಿಟ್ಟರು.

ನಮ್ಮ ಹೆಡ್‌ಮಾಸ್ತರ ನನ್ನ ಗೆಳೆಯ. ಇಬ್ಬರೂ ಒಂದೇ ವರ್ಷ ನೌಕರಿಗೆ ಸೇರಿದವರು, ಇಬ್ಬರ ಮನೆಯೂ ಧಾರವಾಡ. ದಿನಾ ಒಂದೇ ಬಸ್ಸು, ನನ್ನ ಡಬ್ಬಿಯ ರೊಟ್ಟಿಗೆ ಅವನ ಡಬ್ಬಿಯ ಶೇಂಗಾ ಚಟ್ನಿ. ಫೆಬ್ರುವರಿಯ ಒಂದು ಸಂಜೆ ಬಸ್ಸು ಸತ್ತೂರ ದಾಟುವಾಗ ಅಂದ: 'ಒಂಬತ್ತನೇ ಕ್ಲಾಸಿನ್ಯಾಗ ಯಾರ್ಯಾರು ಹಿಂದ ಅದಾರ, ಒಂದು ಪಟ್ಟಿ ಮಾಡಿ ಕೊಡು. ಜೂನ್‌ದಿಂದ ಅವ್ರಿಗೆ ಮುಂಜಾನಿ ಸ್ಪೆಶಲ್ ಕ್ಲಾಸ್ ಇಡೂಣು. ಮುಚ್ಚಿಡಬ್ಯಾಡ, ಇದ್ದದ್ದು ಇದ್ದಂಗ ಬರಿ.'

ಇದ್ದದ್ದು ಇದ್ದ ಹಾಗೆಯೇ ಬರೆದೆ. ಒಂದು ಭಾನುವಾರ ಪೂರ್ತಿ ಕೂತು ಒಂಬತ್ತು ಹೆಸರು, ಪ್ರತಿ ಹೆಸರಿನ ಮುಂದೆ ಯಾರಿಗೆ ಎಲ್ಲಿ ತೊಡಕು ಎಂಬ ವಿವರ. ಡಾಕ್ಟರು ರೋಗ ಬರೆದಂತೆ ಬರೆದೆ, ಔಷಧ ಕೊಡುವವನೂ ನಾನೇ ಎಂಬ ಧೈರ್ಯದಲ್ಲಿ. ಮೊದಲ ಹೆಸರು ಆ ಹುಡುಗಿಯದು. ಅವಳ ತೊಡಕುಗಳೆಲ್ಲ ನನಗೆ ಬಾಯಿಪಾಠ ಇದ್ದವು, ಅವಳೇ ಹೇಳಿದ್ದಳಲ್ಲ. ಬಾಯಿ ಮುಚ್ಚಿಕೊಂಡು ಕೂತವರಲ್ಲಿ ಅವಳಿಗಿಂತ ಹಿಂದಿದ್ದವರು ಎಷ್ಟು ಮಂದಿಯೋ, ಅವರ್‍ಯಾರೂ ಪಟ್ಟಿಗೆ ಬರಲಿಲ್ಲ.

ಏಪ್ರಿಲ್‌ನಲ್ಲಿ ನಾನು ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಬೇರೆ ಕಡೆ ಹೋಗಿದ್ದೆ. ಅದೇ ವಾರ ಹೆಡ್‌ಮಾಸ್ತರ ಆ ಒಂಬತ್ತೂ ಮನೆಯವರನ್ನು ಕರೆಸಿದ. ಹತ್ತನೆಯ ತರಗತಿಯಲ್ಲಿ ಇವರು ಪಾಸಾಗುವುದಿಲ್ಲ, ಗಣಿತದ ಸರ ಅವರೇ ಬರೆದುಕೊಟ್ಟಿದ್ದಾರೆ ನೋಡಿ ಎಂದು ನನ್ನ ಅಕ್ಷರ ತೋರಿಸಿದ. ಬೇರೆ ಶಾಲೆ ನೋಡಿಕೊಳ್ಳಿ ಎಂದ. ಟಿ.ಸಿ. ಅರ್ಜಿಗಳು ಮೊದಲೇ ತಯಾರಿದ್ದವು, 'ಸ್ವಂತ ಇಚ್ಛೆಯಿಂದ' ಎಂಬ ಮಾತು ಸಮೇತ. ತಂದೆ ತಾಯಿ ಸಹಿ ಹಾಕಿದರು. ಶಾಲೆಯ ಫಲಿತಾಂಶ ನೂರಕ್ಕೆ ನೂರು ಬಂದು ಗೇಟಿಗೆ ಬ್ಯಾನರ್ ಕಟ್ಟಬೇಕಾದರೆ ಅದು ಹತ್ತಿರದ ದಾರಿ.

ವಿಷಯ ಗೊತ್ತಾದ ದಿನ ಅವನ ಕೋಣೆಗೆ ನುಗ್ಗಿದೆ. 'ಇದೇನ ಮಾಡಿದಿ?'

ಅವನು ಕನ್ನಡಕ ಒರೆಸಿಕೊಂಡ. 'ಸಾಲಿ ಉಳೀಬೇಕೋ ಬ್ಯಾಡೋ? ರಿಸಲ್ಟ್ ಬಿದ್ರ ಅಡ್ಮಿಶನ್ ಬೀಳ್ತಾವ. ನಾ ಹೇಳಿದ್ರ ಆ ಮಂದಿ ಜಗಳಕ್ಕ ನಿಲ್ತಿದ್ರು. ನೀ ಬರದದ್ದು ಅಂದ್ರ ನಂಬ್ತಾರ. ಅದಕ್ಕ ನಿನ್ನ ಕಡಿಂದ ಬರಸಿದೆ.'

ಇಷ್ಟನ್ನೂ ಅವನು ಹೊಗಳುವ ದನಿಯಲ್ಲೇ ಹೇಳಿದ. ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತೇವಲ್ಲ, ಅದು ನನಗೇ ಆಯಿತು ಎಂದು ಅವತ್ತು ಅಂದುಕೊಂಡೆ. ಆಮೇಲೆ ಯೋಚಿಸಿದರೆ ಅದೂ ತಪ್ಪು. ಕುತ್ತಿಗೆ ಮಕ್ಕಳದು, ನಾನು ಅವನ ಕೈಗೆ ಸಿಕ್ಕ ಚಾಕು. ಮರುದಿನದಿಂದ ಬೇರೆ ಬಸ್ಸಿಗೆ ಹೋಗತೊಡಗಿದೆ. ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಜೂನ್ ಮೊದಲ ವಾರ ಹುಡುಗಿಯ ಮನೆಗೆ ಹೋದೆ. ಹತ್ತಿರದ ಇನ್ನೊಂದು ಶಾಲೆಗೆ ಹಾಕಿದ್ದರು. ತಾಯಿ ಚಾಪೆ ಹಾಸಿ ಚಹಾ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

'ನನಗ ಕನ್ನಡ ಓದಾಕ ಬರೂದಿಲ್ರಿ ಸರ' ಅಂದಳು, ಮಗಳತ್ತ ಕೈ ತೋರಿಸಿ. 'ಆ ಪಟ್ಟಿ ಇಕೀನ ಓದಿ ಹೇಳಿದ್ಲು. ಇದು ನಮ್ಮ ಸರ ಅಕ್ಷರ, ಮೊದಲ ಹೆಸರು ನಂದು ಅಂತ.'

ಸ್ಪೆಶಲ್ ಕ್ಲಾಸಿಗೆಂದು ಬರೆದಿದ್ದೆ ಎಂದು ವಿವರಿಸಿದೆ. 'ಇರಬೋದ್ರಿ' ಅಂದಳು ತಾಯಿ, ಸಭ್ಯತೆಯಿಂದ. ಪ್ರತಿ ಭಾನುವಾರ ಬಂದು ನಾನೇ ಕಲಿಸುತ್ತೇನೆ ಅಂದೆ. ತಾಯಿ ಮಗಳ ಮುಖ ನೋಡಿದಳು. ಮಗಳು ಎದ್ದು ಹೋಗಿ ನೋಟುಬುಕ್ಕು ತಂದಳು.

ಚಾಪೆಯ ಮೇಲೆ ಕೂತು ಒಂದು ವರ್ಗಸಮೀಕರಣ ಬಿಡಿಸಿದೆ. ನಡುವೆ ಬೇಕೆಂದೇ ಒಂದು ಹಂತ ಹಾರಿಸಿದೆ. ಅವಳು ಅಲ್ಲಿ ನನ್ನನ್ನು ತಡೆಯಲೇಬೇಕು, ಅದು ಅವಳ ಸ್ವಭಾವ. ತಡೆಯಲಿಲ್ಲ.

'ತಿಳೀತೇನವಾ?'

'ತಿಳೀತ್ರಿ ಸರ.'

'ಮತ್ತ ಈ ಸಾಲು ಎಲ್ಲಿಂದ ಬಂತು?'

ಅವಳು ನೋಟುಬುಕ್ಕಿನ ಕಡೆ ನೋಡಿದಳು. ಪೆನ್ನು ಹಿಡಿದ ಕೈ ಅಲುಗಲಿಲ್ಲ.

'ತಿಳೀದಿದ್ರ ಹೇಳವಾ. ನಾ ಏನೂ ಅನ್ನೂದಿಲ್ಲ.'

'ಇಲ್ರಿ ಸರ. ಎಲ್ಲಾ ತಿಳೀತು.'

ನಾಲ್ಕು ಭಾನುವಾರ ಹೋದೆ. ನಾಲ್ಕೂ ಸಲ ಅವಳಿಗೆ ಎಲ್ಲಾ ತಿಳಿದಿತ್ತು.