ಯಾರದೋ ಸಂಗ್ರಹದಲ್ಲಿ ರಾಮಮ್ಮನ ದನಿ

ಮೂಡಿಗೆರೆಯ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವ ಕುಸುಮಾಗೆ ಯಾವುದನ್ನೂ ಸುಲಭಕ್ಕೆ ನಂಬುವ ಅಭ್ಯಾಸವಿಲ್ಲ. ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೆಲ್ಲ ಓದಿಯೇ ಗಿರಾಕಿಗೆ ಕೊಡುವವಳು. ಬಿಡುವಿನಲ್ಲಿ ಅವಳು 'ಕಣದ ಮಾತು' ಎಂಬ ಪಾಡ್‌ಕಾಸ್ಟ್ ನಡೆಸುತ್ತಾಳೆ. ತೋಟದ ಹೆಂಗಸರು ಮಾತಾಡುತ್ತಾರೆ, ಅವಳು ಮೊಬೈಲಿನಲ್ಲಿ ಹಿಡಿಯುತ್ತಾಳೆ. ಮದುವೆ ವೀಡಿಯೊ ಮಾಡುವ ದರ್ಶನ್ ತನ್ನ ಸ್ಟುಡಿಯೊದಲ್ಲಿ ಅದನ್ನು ಎಡಿಟ್ ಮಾಡಿಕೊಡುತ್ತಾನೆ.

ಪುಕ್ಕಟೆ ಎಂದು ನೆಟ್ಟಿನಿಂದ ಎತ್ತಿಕೊಂಡ ಒಂದು ಕೊಳಲಿನ ತುಣುಕಿನ ದೆಸೆಯಿಂದ ಈಚೆಗೆ ಒಂದು ಕಂತೇ ಮಾಯವಾಗಿತ್ತು. ಆ ಸಂಗೀತ ತಮ್ಮದೆಂದು ಯಾರೋ ಹಕ್ಕು ಸಾಧಿಸಿದ್ದರು. ಆಗ ದರ್ಶನ್ ಸಂಗೀತ, ಸದ್ದುಗಳನ್ನು ಒದಗಿಸುವ ಒಂದು ಕಂಪನಿಯ ಹೆಸರು ಹೇಳಿದ.

"ಇದು ರಾಯಲ್ಟಿ ಫ್ರೀ ಅಕ್ಕ. ಒಂದ್ಸಲ ಚಂದಾ ಕಟ್ಟಿದ್ರೆ ಮ್ಯೂಸಿಕ್ಕು, ಮಳೆ, ಗುಡುಗು, ಎಲ್ಲಾ ಬಳಸ್ಬಹುದು."

"ಚಂದಾ ಬಿಟ್ಟ ಮೇಲೆ ಹಳೇ ಕಂತುಗಳ ಗತಿ ಏನು?"

ದರ್ಶನ್‌ಗೆ ಗೊತ್ತಿರಲಿಲ್ಲ. ಕುಸುಮಾಳ ಅನುಮಾನಕ್ಕೆ ಅಷ್ಟು ಸಾಕಾಯಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕಂಪನಿಯವರು ಪರೀಕ್ಷಿಸಿ ನೋಡಲೆಂದು ಕೊಟ್ಟ ಖಾತೆ ತೆರೆದು ಸದ್ದುಗಳನ್ನು ಹುಡುಕತೊಡಗಿದಳು. 'ಕಾಫಿ ತೋಟ' ಎಂದು ಇಂಗ್ಲಿಷಿನಲ್ಲಿ ಬರೆದಾಗ ಬಂದವುಗಳಲ್ಲಿ ಒಂದರ ಹೆಸರು 'ಕರೆಯುತ್ತಿರುವ ಹಳ್ಳಿ ಹೆಂಗಸು'. ಒತ್ತಿದಳು.

"ಮಳೆ ಬಂತೂ... ಕಾಫಿ ರಾಶಿ ಮಾಡ್ರೇ!"

ಅವಳ ಪಾಡ್‌ಕಾಸ್ಟಿನಲ್ಲಿ ಮಾತಾಡಿದ್ದ ಜಾವಳಿಯ ರಾಮಮ್ಮ! ಕಾಫಿ ಒಣಹಾಕಿದ ಕಣದಲ್ಲಿ ನಿಂತು ಕುಸುಮಾ ತಾನೇ ಮೊಬೈಲಿನಲ್ಲಿ ಹಿಡಿದ ಕೂಗು. ಈ ಕಂಪನಿಯನ್ನು ತೋರಿಸಿದವನು ದರ್ಶನ್. ರೆಕಾರ್ಡಿಂಗುಗಳೆಲ್ಲ ಇರುವುದೂ ಅವನ ಹತ್ತಿರವೇ.

ಸಂಜೆ ಸ್ಟುಡಿಯೊಗೆ ಹೋದಾಗ ಅವನು ಕೊಟ್ಟ ಟೀ ಮುಟ್ಟಲಿಲ್ಲ. ಮಾತಿಲ್ಲದೆ ಸದ್ದು ಕೇಳಿಸಿ ಅವನ ಮುಖವನ್ನೇ ನೋಡಿದಳು. ಅವನು ಅದನ್ನು ದೊಡ್ಡ ಸ್ಪೀಕರಿಗೆ ಹಾಕಿದ.

"ಕೊನೇಲಿ ಕೇಳಿ. ಹಿಂದೆ ಸಣ್ಣಗೆ ನಾನು ನುಡಿಸಿದ ಕೀಬೋರ್ಡಿದೆ. ಮೂಲ ರೆಕಾರ್ಡಿಂಗಲ್ಲಿ ಅದಿಲ್ಲ. ನಾವು ಹೊರಗೆ ಬಿಟ್ಟ ಕಂತಿಂದ ಯಾರೋ ಕತ್ತರಿಸ್ಕೊಂಡಿದಾರೆ."

ನಿಜ, ಕೀಬೋರ್ಡು ಕೇಳುತ್ತಿತ್ತು.

"ನಾನೇ ಅಂದ್ಕೊಂಡ್ರಲ್ವಾ ಅಕ್ಕ?"

ಕುಸುಮಾ ತಲೆ ತಗ್ಗಿಸಿದಳು.

ಭಾನುವಾರ ಬಸ್ಸು ಹತ್ತಿ ಜಾವಳಿಗೆ ಹೋಗಿ ರಾಮಮ್ಮನಿಗೆ ವಿಷಯ ತಿಳಿಸಿದಳು. ಮೊಬೈಲಿನಿಂದ ತನ್ನದೇ ಕೂಗು ಕೇಳಿ ರಾಮಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು.

"ಹಂಗಾರೆ ಯಾವ್ಯಾವ್ದೋ ದೇಶ್ದೋರೂ ಕಾಫಿ ರಾಶಿ ಮಾಡ್ತಾವ್ರಾ? ಕರ್ದೋಳು ನಾನು ಅಂತ ಹೆಸ್ರು ಹಾಕವ್ರಾ?"

"ಇಲ್ಲ ರಾಮಮ್ಮ. ಹಳ್ಳಿ ಹೆಂಗಸು ಅಂತ ಹಾಕಿದಾರೆ ಅಷ್ಟೆ."

ರಾಮಮ್ಮನ ನಗು ನಿಂತಿತು. "ಹಂಗಾರೆ ತೆಗ್ಸು ಮಗಾ."

ಕುಸುಮಾ ಕಂಪನಿಗೆ ಬರೆದಳು, ಮೂಲ ರೆಕಾರ್ಡಿಂಗನ್ನೂ ಕಳಿಸಿದಳು. ಕೆಲವು ದಿನಗಳಲ್ಲಿ ಸದ್ದನ್ನು ತೆಗೆದರು. ಹಾಕಿದವರು ಯಾರೆಂದು ಮಾತ್ರ ಹೇಳಲಿಲ್ಲ. ಕೊನೆಗೆ ಅವಳು ಆರಿಸಿಕೊಂಡದ್ದು ಬೇರೆ ಸಣ್ಣ ಸಂಸ್ಥೆಯನ್ನು. ಅಲ್ಲಿ ಪ್ರತಿ ಸದ್ದಿನ ಕೆಳಗೂ ಹಿಡಿದವರ ಹೆಸರು, ಊರು ಇತ್ತು. ಚಂದಾ ನಿಲ್ಲಿಸಿದರೂ ಹಳೆಯ ಕಂತುಗಳಿಗೆ ತೊಂದರೆಯಿಲ್ಲ ಎಂದು ಬರೆದು ಕೊಟ್ಟ ಮೇಲೆಯೇ ಸೇರಿದಳು.

ದರ್ಶನ್ ಎಡಿಟಿಂಗ್ ಕೆಲಸ ಬಿಡಲಿಲ್ಲ. ಆದರೆ ಒಂದು ದಿನ ಎಲ್ಲ ರೆಕಾರ್ಡಿಂಗುಗಳನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ ಅವಳ ಕೈಗಿಟ್ಟ. "ಇನ್ಮೇಲೆ ಇದೆಲ್ಲಾ ನಿಮ್ಮತ್ರಾನೇ ಇರ್ಲಿ ಅಕ್ಕ. ನಂದ್ರಲ್ಲಿ ಅಳಿಸಿದೀನಿ."

ಅವಳಿಗೆ ನಾಚಿಕೆಯಾಯಿತು. ಬೇಡ ಎನ್ನಬೇಕೆಂದುಕೊಂಡರೂ ಕೈ ಚಾಚಿ ತೆಗೆದುಕೊಂಡಳು. ಬಸ್‌ಸ್ಟ್ಯಾಂಡಿನತ್ತ ನಡೆಯುವಾಗ, ಕೀಬೋರ್ಡು ಸೇರಿಸಿದ ಕಂತುಗಳೂ ಮೊದಲಿನಿಂದ ಅವನ ಹತ್ತಿರವೇ ಇದ್ದವಲ್ಲ, ಕತ್ತರಿಸಿ ಕೊಟ್ಟವನು ಅವನೇ ಆಗಿರಲೂಬಹುದಲ್ಲ ಎಂಬುದು ಹೊಳೆಯಿತು. ನಿಜವಾಗಿಯೂ ಅಳಿಸಿರಬಹುದೇ? ತಿರುಗಿ ಸ್ಟುಡಿಯೊ ಕಡೆ ನೋಡಿದಳು. ದರ್ಶನ್ ಬಾಗಿಲಲ್ಲೇ ನಿಂತು ಕೈ ಬೀಸುತ್ತಿದ್ದ. ಅವಳೂ ಕೈ ಬೀಸಿದಳು.