ಜೇಬಿನ ಸೊಟ್ಟ ಹೊಲಿಗೆ

ರಾಯದುರ್ಗದಲ್ಲಿ ನಾನು ಸ್ಟುಡಿಯೋ ಇಟ್ಟಿದ್ದಾಗ, ಎದುರುಮನೆಯ ಅಕ್ಕ, ತಮ್ಮ ಗಂಡ ಹೊಲಿದ ಜೀನ್ಸ್ ಪ್ಯಾಂಟುಗಳ ಫೋಟೋ ತೆಗೆಸಿ ಬಳ್ಳಾರಿಯ ಅಂಗಡಿಗಳಿಗೆ ಕಳಿಸುತ್ತಿದ್ದರು. ನನ್ನ ಕಂಪ್ಯೂಟರಿನಲ್ಲಿ ಎರಡು ಸಾಫ್ಟ್‌ವೇರ್ ಇದ್ದವು. ಒಂದು, ಕ್ಯಾಮೆರಾದ ಕಚ್ಚಾ ಫೈಲನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಫೋಟೋ ಮಾಡಿ ಮುಗಿಸುತ್ತಿತ್ತು, ಆದರೆ ಚಿತ್ರ ಮಸುಕು. ಇನ್ನೊಂದು ನನಗೆ ಎರಡು ಚಹಾ ಕುಡಿಸಿ, ಆಮೇಲೆ ದಾರದ ಎಳೆಎಳೆಯನ್ನೂ ತೋರಿಸುತ್ತಿತ್ತು. ಮಸುಕು ಚಿತ್ರ ಕಂಡರೆ ನನಗೆ ಮೈ ಉರಿಯುತ್ತದೆ. ನಿಧಾನದ್ದರಲ್ಲೇ ಮಾಡಿ ಹೆಮ್ಮೆಯಿಂದ ತೋರಿಸಿದೆ. ಅಕ್ಕ ಪರದೆಯ ಹತ್ತಿರ ಬಗ್ಗಿ, ಜೇಬಿನ ಸೊಟ್ಟ ಹೊಲಿಗೆಯ ಮೇಲೆ ಬೆರಳಿಟ್ಟರು.

“ಅಂಗಡಿಯವರಿಗೆ ಜಲ್ದಿ ಆಗೋದ್ರಾಗ ಮಾಡಿ ಕೊಡ್ರಿ,” ಅಂದರು. “ಇದನ್ನ ಮಾತ್ರ ನನ್ನ ಫೋನಿಗೆ ಹಾಕ್ರಿ. ಹೊಲಿಗಿ ನೆಟ್ಟಗ ಐತಿ ಅಂತ ನಿನ್ನೆಯಿಂದ ವಾದ ಮಾಡ್ಲಿಕತ್ಯಾರ, ನಮ್ಮ ಮನಿಯವರು.”