ಪಂಚಮಿಗೆ ತವರಿನವರು ಕಳಿಸಿದ ಬ್ಯಾರೆಲ್

ಈ ವರ್ಷದ ನಾಗರ ಪಂಚಮಿಯ ಹಿಂದಿನ ದಿನ, ನನ್ನ ಹೆಂಡತಿಯ ಹೆಸರಿಗೆ ವಿದೇಶದಿಂದ ಬಂದ ಒಂದು ಪೆಟ್ಟಿಗೆಯನ್ನು ಮೆಲ್ಬರ್ನ್‌ನಲ್ಲಿ ಕಸ್ಟಮ್ಸ್‌ನವರು ತಡೆಹಿಡಿದರು. ಅದರಲ್ಲಿ ರೈಫಲ್ಲಿನ ಒಂದು ಬ್ಯಾರೆಲ್, ಬೋಲ್ಟ್ ಮತ್ತು ಗುಂಡು ತುಂಬುವ ಮ್ಯಾಗಜೀನ್ ಇದ್ದವು. ಅವನ್ನು ಆಕೆ ತರಿಸಿರಲಿಲ್ಲ.

ಆಕೆ ಧಾರವಾಡದವಳು. ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಹೊಡೆಯಲು ಕಲಿತಿದ್ದಳು. ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ಮನೆ ಮಾಡಿ, ಮನೆಸಾಲದ ಮಾರ್ಟ್‌ಗೇಜ್ ಒಂದು ಹದಕ್ಕೆ ಬಂದ ಮೇಲೆ ಶೂಟಿಂಗ್ ಕ್ಲಬ್ ಸೇರಿದಳು, ಲೈಸೆನ್ಸ್ ಪಡೆದಳು, ಒಂದು ಪಾಯಿಂಟ್ ಟೂ ಟೂ ರೈಫಲ್ ಕೊಂಡಳು. ಸಿಡ್ನಿಯಲ್ಲಿ ನಡೆಯಲಿರುವ ಅಂತರರಾಜ್ಯ ಪಂದ್ಯಕ್ಕೆ ಈ ಸಲ ಕ್ಲಬ್ ಆಕೆಯನ್ನು ಆರಿಸಿತ್ತು. ಲೈಸೆನ್ಸ್ ಹೋದರೆ ಪಂದ್ಯವೂ ಹೋದಂತೆ.

ರೈಫಲ್ಲಿನ ಮರದ ಹಿಡಿ ಆಕೆಗೆ ಉದ್ದವಾಗಿತ್ತು. ಟ್ರಿಗರ್‌ನಿಂದ ಹೆಗಲಿಗೆ ಒತ್ತುವ ತುದಿಯವರೆಗಿನ ಅಳತೆ ತೋಳಿಗೆ ಹೊಂದದಿದ್ದರೆ ಕತ್ತು ಚಾಚಬೇಕಾಗುತ್ತದೆ, ನಾಲ್ಕನೆಯ ಸುತ್ತಿನ ಹೊತ್ತಿಗೆ ಗುರಿ ತೇಲಲು ತೊಡಗುತ್ತದೆ. ಹಾಗಾಗಿ ಉದ್ದವನ್ನು ಹೊಂದಿಸಬಹುದಾದ, ಕೆನ್ನೆಗೆ ಒರಗು ಇರುವ ಹಿಡಿಯ ಕಿಟ್ ಹುಡುಕುತ್ತಿದ್ದಳು. ಹಗುರವಾದದ್ದು ಗಾಳಿಗೆ ಅಲುಗುತ್ತದೆ. ಭಾರದ್ದನ್ನು ಹಿಡಿದು ನಿಂತರೆ ತೋಳು ಸೋಲುತ್ತದೆ. ಮಡಚುವ ಹಿಡಿಯನ್ನಂತೂ ಮುಟ್ಟುವಂತಿಲ್ಲ, ಇಲ್ಲಿನ ಕಾನೂನು ಒಪ್ಪುವುದಿಲ್ಲ. ಅಂಗಡಿಗೆ ಹೋಗುವುದು, ಹೆಗಲಿಗೆ ಇಟ್ಟು ನೋಡುವುದು, ತೀರ್ಮಾನಿಸದೆ ಮರಳುವುದು. ಇದು ತಿಂಗಳುಗಟ್ಟಲೆ ನಡೆಯಿತು.

ಪಂಚಮಿಗೆ ಕೆಲವು ವಾರ ಮೊದಲು ಸಿಡ್ನಿಗೆ ಹೋಗಿದ್ದೆವು. ಆಕೆಯ ತಮ್ಮ ಅಲ್ಲಿ ಪೆಂಡಲ್ ಹಿಲ್‌ನಲ್ಲಿದ್ದಾನೆ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ಆಕೆ ಮೊಣಕೈಯಿಂದ ಬೆರಳಿನವರೆಗೆ ಟೇಪು ಹಿಡಿದಳು.

"ನಿನ್ನ ಬಂದೂಕಿಗೆ ಟೇಲರ್ ಬೇಕೇನಕ್ಕಾ?" ಎಂದು ತಮ್ಮ ನಕ್ಕ.

"ಹೌದಪಾ. ಸೀರಿ ಮ್ಯಾಲಿನ ಜಂಪರ್ ಹೊಲಿಸಿದಂಗ ಇದು. ತೋಳು ಸರಿ ಕೂಡಬೇಕು."

"ಬರೇ ಹಿಡಿ ಯಾಕ? ಪೂರಾ ಕಿಟ್ಟ ತರಿಸಿಬಿಡು."

"ನಿನಗೇನ ಗೊತ್ತೈತಿ? ಸುಮ್ನ ದ್ವಾಸಿ ತಿನ್ನು."

ಅವನು ಸುಮ್ಮನೆ ದೋಸೆ ತಿನ್ನಲಿಲ್ಲ. ಒಂದು ಕೈಯಲ್ಲಿ ಫೋನ್ ಒತ್ತುತ್ತಲೇ ಇದ್ದ.

ಅವರ ಕಡೆ ಪಂಚಮಿಗೆ ಮದುವೆಯಾದ ಹೆಣ್ಣುಮಗಳನ್ನು ಅಣ್ಣತಮ್ಮಂದಿರು ತವರಿಗೆ ಕರೆದೊಯ್ಯಬೇಕು. ಆಗದಿದ್ದರೆ ಏನಾದರೂ ಕಳಿಸಲೇಬೇಕು. ಪ್ರತಿ ವರ್ಷ ಸೀರೆ ಬರುತ್ತಿತ್ತು. ಈ ವರ್ಷ ಹಬ್ಬದ ಹಿಂದಿನ ಸಂಜೆ ಆಕೆ ಶೇಂಗಾ ಉಂಡೆ, ಎಳ್ಳಿನ ಉಂಡೆ ಕಟ್ಟುತ್ತಿದ್ದಾಗ ತಮ್ಮನ ಫೋನ್ ಬಂತು. ಆಕೆಯ ಕೈಗೆ ಬೆಲ್ಲ ಮೆತ್ತಿದ್ದರಿಂದ ನಾನೇ ಸ್ಪೀಕರ್ ಹಾಕಿದೆ.

"ಅಕ್ಕಾ, ಈ ಸಲ ಸೀರಿ ಇಲ್ಲ. ನಿನ್ನ ರೈಫಲ್ಲಿಗೆ ಆನ್‌ಲೈನ್‌ನ್ಯಾಗ ಹೊರದೇಶದಿಂದ ಕಿಟ್ಟ ಕಳಿಸೇನಿ! ಬ್ಯಾರೆಲ್ ಸೈತ ಐತಿ. ಬ್ಯಾರೆ ಅಳತಿ ಗುಂಡೂ ಹಾಕಬಹುದಂತ."

"ಯಾರ ಹೆಸರಲೆ?"

"ನಿನ್ನ ಹೆಸರಲೇನ ಬುಕ್ ಮಾಡೇನಿ. ಆದ್ರ ಕಸ್ಟಮ್ಸ್‌ನ್ಯಾಗ ಹೋಲ್ಡ್ ಅಂತ ತೋರಸಾಕತ್ತೈತಿ. ಡ್ಯೂಟಿ ಕೇಳತಾರೇನೋ."

"ಪರ್ಮಿಟ್ ಎಲ್ಲೈತಿ?"

"ಗಿಫ್ಟಿಗೆ ಯಾಕ ಪರ್ಮಿಟ್ಟು?"

ಆಕೆ ಕೈಯಲ್ಲಿದ್ದ ಉಂಡೆಯನ್ನು ಮತ್ತೆ ಪಾತ್ರೆಗೆ ಹಾಕಿದಳು. ಇಲ್ಲಿ ಹೊರದೇಶದಿಂದ ಬ್ಯಾರೆಲ್ ತರಿಸಲು ಮೊದಲೇ ಅನುಮತಿ ಇರಬೇಕು. ಇಲ್ಲದಿದ್ದರೆ ಪೆಟ್ಟಿಗೆಯ ಮೇಲೆ ಯಾರ ಹೆಸರಿದೆಯೋ ಅವರನ್ನು ಮೊದಲು ಕೇಳುತ್ತಾರೆ. ಅಪರಾಧವೆಂದು ದಾಖಲಾದರೆ ಲೈಸೆನ್ಸ್ ಉಳಿಯುವುದು ಕಷ್ಟ.

"ನನಗ ಗೊತ್ತಿಲ್ಲ, ಯಾರೋ ಕಳಿಸ್ಯಾರ ಅಂದಬಿಡಕ್ಕಾ," ಎಂದ ತಮ್ಮ. ದನಿ ಇಳಿದಿತ್ತು.

"ರೊಕ್ಕ ಕೊಟ್ಟ ಕಾರ್ಡಿನ ಮ್ಯಾಲೆ ನಿನ್ನ ಹೆಸರೈತಿ, ಮಬ್ಬಾ. ಇಡು ಫೋನು."

ನಾನು ಹೇಳಿದೆ, "ಕಸ್ಟಮ್ಸ್‌ನವರೇ ಫೋನ್ ಮಾಡೋವರೆಗೂ ಕಾಯೋಣ. ಆಮೇಲೆ ಹೇಳಿದ್ರಾಯ್ತು."

"ನೀವು ಪೇಪರಿನವರು, ಸುದ್ದಿ ಬರಲಿ ಅಂತ ಕಾಯೋರು. ನನಗ ಆಗೂದಿಲ್ಲರೀ."

ಆ ಸಂಜೆ ಆಕೆ ಕೂತಲ್ಲಿ ಕೂರಲಿಲ್ಲ. ಒಲೆ ಒರೆಸಿದಳು, ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು. ಗರಾಜಿಗೆ ಹೋಗಿ ರೈಫಲ್ ಇರುವ ಕಬ್ಬಿಣದ ಪೆಟ್ಟಿಗೆಯ ಬೀಗ ಎಳೆದು ನೋಡಿ ಬಂದಳು. ನಾನು ಪಾರ್ಸೆಲ್ ಎಲ್ಲಿದೆ ಎಂದು ತೋರಿಸುವ ಪುಟವನ್ನು ತೆರೆಯುತ್ತ, ಮುಚ್ಚುತ್ತ ಇದ್ದೆ. ಅದರಲ್ಲಿ ಏನೂ ಬದಲಾಗಲಿಲ್ಲ.

ಹಬ್ಬದ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು, ಮೊದಲು ಕ್ಲಬ್ಬಿನ ಕ್ಯಾಪ್ಟನ್‌ಗೆ ಫೋನ್ ಮಾಡಿದಳು. ಆ ಹಿರಿಯ ಆಸ್ಟ್ರೇಲಿಯನ್ ಹೆಂಗಸು ಎರಡೇ ಮಾತು ಹೇಳಿದರು: ಪೆಟ್ಟಿಗೆ ಮನೆಗೆ ಬಂದರೆ ಬಿಚ್ಚಬೇಡ, ಪೊಲೀಸರು ಕೇಳುವ ಮೊದಲು ನೀನೇ ಹೇಳು. ಆಮೇಲೆ ಪೊಲೀಸರ ಲೈಸೆನ್ಸ್ ವಿಭಾಗ. ಬಹಳ ಹೊತ್ತು ಫೋನಿನ ಹೋಲ್ಡ್ ಸಂಗೀತ ಕೇಳಿದ ಮೇಲೆ ಒಬ್ಬ ಅಧಿಕಾರಿ ಸಿಕ್ಕರು. ಇದನ್ನು ಕಳಿಸಲು ನೀವು ಹೇಳಿದ್ದಿರಾ, ದುಡ್ಡು ಕೊಟ್ಟಿದ್ದಿರಾ, ಪೆಟ್ಟಿಗೆ ಕೈಗೆ ಬಂದಿದೆಯಾ ಎಂದು ವಿಚಾರಿಸಿದರು. ಎಲ್ಲಕ್ಕೂ ಇಲ್ಲ ಎಂದಳು. ಯಾರು ಕಳಿಸಿದ್ದು ಎಂದಾಗ ತಮ್ಮ ಎಂದು ಹೇಳಿ ಅವನ ಹೆಸರು ಕೊಟ್ಟಳು. ಪರಿಶೀಲನೆ ಮುಗಿಯುವವರೆಗೆ ಲೈಸೆನ್ಸ್ ಚಾಲ್ತಿಯಲ್ಲಿರುತ್ತದೆ, ನಂತರ ತಿಳಿಸುತ್ತೇವೆ ಎಂದರು.

ಅದೇ ವಾರ ಇಬ್ಬರು ಪೊಲೀಸರು ಮನೆಗೆ ಬಂದರು. ಗರಾಜಿನ ಪೆಟ್ಟಿಗೆ ಗೋಡೆಗೆ ಗಟ್ಟಿಯಾಗಿ ಕೂತಿದೆಯೇ ಎಂದು ಅಲುಗಾಡಿಸಿ ನೋಡಿದರು. ರೈಫಲ್ಲಿನ ನಂಬರ್ ಓದಿಕೊಂಡರು. ಹೊರಡುವಾಗ ಆಕೆ ಉಂಡೆಯ ತಟ್ಟೆ ಹಿಡಿದಳು. ಒಬ್ಬರು ಬೇಡವೆಂದರು. ಇನ್ನೊಬ್ಬರು ಶೇಂಗಾ ಇದೆಯೇ ಎಂದು ಕೇಳಿ ಎಳ್ಳಿನದನ್ನು ಆರಿಸಿಕೊಂಡರು.

ಆಮೇಲೆ ತಮ್ಮನ ಫೋನ್ ಬಂತು. "ನಾನೂ ಹೇಳಿಕೆ ಕೊಟ್ಟೆ ಅಕ್ಕಾ. ನಂದ ತಪ್ಪು, ನಮ್ಮಕ್ಕಗ ಗೊತ್ತಿರಲಿಲ್ಲ ಅಂತ ಬರಕೊಟ್ಟೇನಿ."

ಆಕೆ ಉಳಿದ ಉಂಡೆಗಳನ್ನು ಡಬ್ಬಿಗೆ ತುಂಬತೊಡಗಿದಳು.

"ಸಿಟ್ಟ ಆಗೀಯೇನು?"

"ಮುಂದಿನ ವರ್ಷ ಸೀರಿನ ಕಳಸು. ಸೀರಿಗೆ ಬೋಲ್ಟ್ ಇರೂದಿಲ್ಲ."

ಹಿಡಿಯ ಕಿಟ್ಟನ್ನು ಆಕೆ ಕೊನೆಗೂ ಆರಿಸಿದ್ದಾಳೆ, ಭಾರದ್ದನ್ನೇ. ಪೊಲೀಸರ ಉತ್ತರ ಬರುವವರೆಗೆ ಕೊಳ್ಳುವುದಿಲ್ಲ ಎಂದಿದ್ದರಿಂದ ಅಂಗಡಿಯವರು ಅದನ್ನು ತೆಗೆದಿಟ್ಟಿದ್ದಾರೆ. ತಮ್ಮನ ಪೆಟ್ಟಿಗೆ ಕಸ್ಟಮ್ಸ್ ಗೋದಾಮಿನಲ್ಲೇ ಇದೆ. ನಿನ್ನೆ, ಶನಿವಾರ, ಆಕೆ ಹಳೆಯ ಮರದ ಹಿಡಿಯಲ್ಲೇ ಅಭ್ಯಾಸ ಮಾಡಿದಳು. ಸಿಡ್ನಿಯ ಪಂದ್ಯಕ್ಕೆ ಹೆಸರು ಖಚಿತಪಡಿಸಲು ಕ್ಲಬ್ ಕೊಟ್ಟಿರುವ ಗಡುವು ನಾಳೆ ಸಂಜೆಗೆ ಮುಗಿಯುತ್ತದೆ. ಪೊಲೀಸರಿಂದ ಉತ್ತರ ಬಂದಿಲ್ಲ, ಆಕೆ ಇನ್ನೂ ಹೆಸರು ಖಚಿತಪಡಿಸಿಲ್ಲ.